ಪ್ಲೇನ್ಸ್ ಊರಿನ ಭಾನುವಾರದ ಮೇಷ್ಟರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ಲೇನ್ಸ್ ಎಂಬ ಪುಟ್ಟ ಊರು. ಅಲ್ಲಿನ ಮಾರನಾಥ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕೈಯಿಂದ ಕೈಗೆ ಸಾಗುವ ಮರದ ಕಾಣಿಕೆ ತಟ್ಟೆಗಳನ್ನು ಕಡೆದವರು ಜಿಮ್ಮಿ ಕಾರ್ಟರ್. ಶಿಲುಬೆಯೂ ಅವರದೇ ಕೈಕೆಲಸ. ದೇಶದ ಅಧ್ಯಕ್ಷರಾಗಿದ್ದ ಮನುಷ್ಯ ಚರ್ಚಿನ ಅಂಗಳದ ಹುಲ್ಲು ಕತ್ತರಿಸುತ್ತಿದ್ದರು. ಪತ್ನಿ ರೊಸಾಲಿನ್ ಶೌಚಾಲಯ ತೊಳೆಯುತ್ತಿದ್ದರು.

ಅವರ ಅಧಿಕಾರದ ನಾಲ್ಕು ವರ್ಷಗಳು, 2002ರ ನೊಬೆಲ್ ಶಾಂತಿ ಪ್ರಶಸ್ತಿ, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ನನ್ನ ಮನಸ್ಸು ನಿಲ್ಲುವುದು ಅವರ ಸಂಸಾರದ ಬಳಿ. 1946ರ ಜುಲೈ 7ರಂದು ಮದುವೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. 77 ವರ್ಷಗಳ ದಾಂಪತ್ಯ.

ಮೊದಲಿನಿಂದಲೂ ಅವರು ಆದರ್ಶ ಗಂಡನಾಗಿದ್ದರೆಂದು ನಾನು ಹೇಳುವುದಿಲ್ಲ. 1953ರಲ್ಲಿ ತಂದೆ ತೀರಿಕೊಂಡಾಗ, ನೌಕಾಪಡೆಯ ಕೆಲಸ ಬಿಟ್ಟು ಊರಿಗೆ ಮರಳುವುದೆಂದು ಕಾರ್ಟರ್ ಒಬ್ಬರೇ ತೀರ್ಮಾನಿಸಿಬಿಟ್ಟರು. ಹೆಂಡತಿಯನ್ನು ಕೇಳಲೇ ಇಲ್ಲ. ಊರಿನ ದಾರಿಯಲ್ಲಿ ಆಕೆ ಅವರೊಡನೆ ಸರಿಯಾಗಿ ಮಾತೇ ಆಡಲಿಲ್ಲವಂತೆ. ಅದು ತಮ್ಮ ತಪ್ಪೆಂದು ಕಾರ್ಟರ್ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರು. ಗಂಡಸರು ಇಂಥದ್ದನ್ನು ನಾಲ್ಕು ಜನರೆದುರು ಒಪ್ಪುವುದು ಅಪರೂಪ. ಈ ಒಪ್ಪಿಗೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಮನಸ್ತಾಪ ಉಳಿಸಿಕೊಂಡು ಮಲಗಬಾರದೆಂಬುದು ದಂಪತಿಗಳ ಪದ್ಧತಿಯಾಯಿತು. ರಾತ್ರಿ ಇಬ್ಬರೂ ಸೇರಿ ಬೈಬಲ್ ಓದುತ್ತಿದ್ದರು. ಕಲಿತ ಸ್ಪ್ಯಾನಿಷ್ ಮರೆತುಹೋಗದಿರಲೆಂದು ಆ ಭಾಷೆಯಲ್ಲಿಯೂ ಓದುತ್ತಿದ್ದರು.

1981ರಲ್ಲಿ ಶ್ವೇತಭವನ ಬಿಟ್ಟವರು 1961ರಲ್ಲಿ ಕಟ್ಟಿಸಿದ ತಮ್ಮ ಸಾಧಾರಣ ಮನೆಗೇ ಬಂದರು. ಚರ್ಚಿನಲ್ಲಿ ಅವರು ಹೇಳಿಕೊಡುವ ಭಾನುವಾರದ ಬೈಬಲ್ ಪಾಠ ನಡೆಯುತ್ತಲೇ ಇತ್ತು. 2015ರ ಆಗಸ್ಟ್ 20ರಂದು, ಕ್ಯಾನ್ಸರ್ ಮಿದುಳಿಗೆ ಹಬ್ಬಿದೆಯೆಂದು ತಾವೇ ಪತ್ರಕರ್ತರಿಗೆ ತಿಳಿಸಿದರು. ಆಗ ಅವರಿಗೆ 90 ವರ್ಷ. ಮೂರು ದಿನ ಕಳೆದು ಭಾನುವಾರ ಬಂತು. ಎಂದಿನಂತೆ ಚರ್ಚಿನಲ್ಲಿ ಪಾಠ ಹೇಳಿದರು.

ರೊಸಾಲಿನ್ 2023ರ ನವೆಂಬರ್‌ನಲ್ಲಿ ಹೋದರು. ಅಟ್ಲಾಂಟಾದ ಶ್ರದ್ಧಾಂಜಲಿ ಸಭೆಗೆ 99ರ ಗಂಡ ಗಾಲಿಕುರ್ಚಿಯಲ್ಲಿ ಬಂದರು. ಹೊದ್ದಿದ್ದ ಹೊದಿಕೆಯ ಮೇಲೆ ಅವರಿಬ್ಬರ ಚಿತ್ರವಿತ್ತು. ಮಗಳು ಏಮಿ ಎದ್ದು, ನೌಕಾಪಡೆಯಲ್ಲಿದ್ದಾಗ ತಂದೆ ತಾಯಿಗೆ ಬರೆದಿದ್ದ ಪತ್ರ ಓದಿದಳು. 75 ವರ್ಷದ ಹಿಂದಿನ ಕಾಗದ. ನಿನ್ನಿಂದ ದೂರ ಹೋಗಿ ಮರಳಿದಾಗಲೆಲ್ಲ ನೀನೆಷ್ಟು ಚೆನ್ನ ಎಂಬುದು ಹೊಸದಾಗಿ ತಿಳಿಯುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು.

ಕಾರ್ಟರ್ ಒಂದು ವರ್ಷ ಒಂದು ತಿಂಗಳು ಒಂಟಿಯಾಗಿ ಬದುಕಿದರು. 2025ರ ಜನವರಿ 9ರಂದು ವಾಷಿಂಗ್ಟನ್ನಿನಲ್ಲಿ ಸರಕಾರಿ ಗೌರವ ಮುಗಿದ ಮೇಲೆ ಅವರನ್ನು ಪ್ಲೇನ್ಸಿಗೆ ಕರೆತಂದರು. ಮಾರನಾಥ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆಯಾಯಿತು. ಸಂಜೆ, ತಮ್ಮದೇ ಮನೆಯ ಆವರಣದ ನೆಲದಲ್ಲಿ, ರೊಸಾಲಿನ್ ಮಗ್ಗುಲಲ್ಲಿ ಮಲಗಿಸಿದರು.