ವಾರ್ಡಿನಲ್ಲಿದ್ದವರೂ ಲಸಿಕೆ ಹಾಕಿಸಿಕೊಂಡವರೇ, ಹಾಗಾದರೆ?

ದಾವಣಗೆರೆಯಲ್ಲಿ ಕೋವಿಡ್ ಲಸಿಕೆಯ ಮಾತು ತೆಗೆದರೆ ಇವತ್ತಿಗೂ ಎದುರಾಗುವ ಪ್ರಶ್ನೆ ಇದು: 'ಅಡ್ಮಿಟ್ ಆದವರಲ್ಲಿ ಅರ್ಧ ಜನ ಎರಡೂ ಡೋಸ್ ತಗೊಂಡೋರೇ ಇದ್ರಲ್ರೀ, ಮತ್ತೇನು ಉಪಯೋಗ?' ಕೇಳುವವರು ಕಂಡದ್ದು ಸುಳ್ಳಲ್ಲ, ಎಣಿಕೆ ಅರ್ಧಕ್ಕೇ ನಿಂತಿದೆ ಅಷ್ಟೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ಅರವತ್ತು ದಾಟಿದ 10,000 ಮಂದಿಗೆ ಸೋಂಕು ತಗುಲಿತು ಎನ್ನಿ. 9,000 ಮಂದಿಗೆ ಲಸಿಕೆಯಾಗಿದೆ, 1,000 ಮಂದಿಗೆ ಆಗಿಲ್ಲ. ಆಗದವರಲ್ಲಿ ನೂರಕ್ಕೆ 5 ಮಂದಿ ಆಸ್ಪತ್ರೆ ಸೇರಿದರೆ 50 ಜನ. ಲಸಿಕೆ ಆ ಅಪಾಯವನ್ನು ಶೇ. 90ರಷ್ಟು ತಗ್ಗಿಸಿದರೆ, ಆದವರಲ್ಲಿ 45 ಜನ. ವಾರ್ಡಿನೊಳಗೆ ನಿಂತು ನೋಡಿದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ! ಲಸಿಕೆಯಾದವರು 9,800 ಆದರೆ 59 ರೋಗಿಗಳಲ್ಲಿ 49 ಮಂದಿ ಅವರೇ. ಯಾರಿಗೂ ಲಸಿಕೆ ಇಲ್ಲದಿದ್ದರೆ ಬೇಕಾಗುತ್ತಿದ್ದದ್ದು 500 ಬೆಡ್. 500ರಲ್ಲಿ ಈ 59 ಕಳೆದರೆ ಉಳಿಯುವ 441 ಮಂದಿ ಮನೆಯಲ್ಲೇ ಇದ್ದರು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ನಿಜವಾದ ಅಂಕಿ. 2021ರಲ್ಲಿ ತಮಿಳುನಾಡಿನ 1,17,524 ಪೊಲೀಸರ ದಾಖಲೆ ನೋಡಿದಾಗ, ಸಾವಿನಿಂದ ಒಂದು ಡೋಸ್ ಶೇ. 82, ಎರಡು ಡೋಸ್ ಶೇ. 95 ರಕ್ಷಣೆ ಕೊಟ್ಟಿದ್ದವು. ಪೊಲೀಸರು ದುಡಿಯುವ ವಯಸ್ಸಿನವರು. ಡಯಾಲಿಸಿಸ್‌ಗೆ ಹೋಗುವ ಎಂಬತ್ತರ ಅಜ್ಜಿಗೆ ಇದೇ ಅಂಕಿ ಹೊಂದುತ್ತದೆ ಅನ್ನಬೇಡಿ. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ ಲಕ್ಷಣವಿರುವ ಕಾಯಿಲೆಯ ವಿರುದ್ಧ ಶೇ. 77.8, ತೀವ್ರ ಕಾಯಿಲೆಯ ವಿರುದ್ಧ ಶೇ. 93.4.

ಈ ಎರಡರ ನಡುವೆ ಅಂತರ ಯಾಕೆ? ಮೂಗು ಗಂಟಲಲ್ಲೇ ವೈರಸ್ಸನ್ನು ತಡೆಯಬೇಕಾದ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಇಳಿಯುತ್ತವೆ. ಓಮಿಕ್ರಾನ್ ಅವುಗಳ ಕಣ್ಣು ಬಹುಪಾಲು ತಪ್ಪಿಸಿತು. ವೈರಸ್ಸಿನ ಗುರುತು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳು, ಅಂದರೆ ಬಿ ಕಣ, ಟಿ ಕಣಗಳು ಹಾಗಲ್ಲ, ಬಹುಕಾಲ ಉಳಿಯುತ್ತವೆ. ಆದರೆ ಅವು ಎದ್ದು ಪಡೆ ಕಟ್ಟಲು ಕೆಲವು ದಿನ ಬೇಕು. ಅಷ್ಟರಲ್ಲಿ ನೆಗಡಿ, ಜ್ವರ ಬಂದೇ ಬಿಡುತ್ತದೆ. ಶ್ವಾಸಕೋಶ ಕೆಡುವುದು ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಪಡೆ ಸಿದ್ಧವಾಗಿರುತ್ತದೆ.

ಲಸಿಕೆಯಾದವರನ್ನು ಎಣಿಸುವಾಗ ಎಡವುವುದು ಹೆಚ್ಚಾಗಿ ದಿನಾಂಕದಲ್ಲಿ. ಎರಡನೇ ಡೋಸ್ ಆಗಿ ಎರಡು ವಾರವಾದ ಮೇಲೆಯೇ ರಕ್ಷಣೆ ಪೂರ್ಣ. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಏರುತ್ತಿದ್ದಾಗ, ಮೊದಲ ಡೋಸ್ ಹಾಕಿಸಿಕೊಂಡ ಐದನೇ ದಿನಕ್ಕೇ ಜ್ವರ ಬಂದವರ ಮೈಯಲ್ಲಿ ಸೋಂಕು ಆಗಲೇ ಸೇರಿರಬಹುದು, ಇಲ್ಲವೇ ರಕ್ಷಣೆ ಕಟ್ಟುವ ಮೊದಲೇ ತಗುಲಿರಬಹುದು. ಕೇಸ್ ಶೀಟಿನಲ್ಲಿ ಬರೀ 'ಲಸಿಕೆ: ಹೌದು' ಎಂದು ಬರೆದರೆ ಇಂಥವರೂ ಲಸಿಕೆಯಾದವರ ಪಟ್ಟಿಗೇ ಸೇರುತ್ತಾರೆ. ಯಾವ ಲಸಿಕೆ, ಎಷ್ಟನೇ ಡೋಸ್, ಯಾವ ತಾರೀಕು, ಮೂರನ್ನೂ ಬರೆಯಬೇಕು.

ಕಿಡ್ನಿ ಕಸಿಯಾದವರು, ಕೀಮೋದಲ್ಲಿರುವವರು, ಬಹುಕಾಲ ಸ್ಟಿರಾಯ್ಡ್ ನುಂಗುವವರಲ್ಲಿ ಎರಡು ಡೋಸಿನ ನಂತರವೂ ಪ್ರತಿಕಾಯ ಸರಿಯಾಗಿ ಹುಟ್ಟದಿರಬಹುದು. ಅವರಿಗೆ ಜ್ವರ ಬಂದರೆ 'ಲಸಿಕೆ ಆಗಿದೆ ಬಿಡಿ' ಎಂದು ಕಾಯಬಾರದು, ಮೊದಲ ದಿನವೇ ಪರೀಕ್ಷೆ ಮಾಡಿಸಬೇಕು. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಇಲ್ಲವೇ ಆರು ನಿಮಿಷ ನಡೆದ ಮೇಲೆ 3 ಅಂಕಕ್ಕಿಂತ ಹೆಚ್ಚು ಇಳಿದರೆ ಆಸ್ಪತ್ರೆಗೆ ಹೊರಡಿ. ಅಂದಹಾಗೆ, ಉಗುರುಬಣ್ಣ ಒರೆಸಿ, ತಣ್ಣಗಿರುವ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ಕಾದು ಓದಿ. ಹಾಕಿದ ತಕ್ಷಣ ಕಾಣುವ ಅಂಕಿಯನ್ನು ನಂಬಬೇಡಿ.