ಎರಡೂವರೆ ಅಡಿ ಎತ್ತರದ ಗೂಟ

ಈ ಗೋಡೆ ನೋಡಿ. ಮೇಲೆ ಕಾಣುವ ತೂತು ಹಳೇ ಮೊಳೆಯದ್ದು, ನನ್ನ ತಲೆ ಮಟ್ಟಕ್ಕಿತ್ತು. ಕೆಳಗಿನ ಎರಡು ಮರದ ಗೂಟ ಹೊಸವು. ನೆಲದಿಂದ ಎರಡೂವರೆ ಅಡಿ. ನಾಲ್ಕು ವರ್ಷದ ನಮ್ಮ ಪುಟ್ಟಿಯ ಭುಜದ ಮಟ್ಟ.

"ಅಮ್ಮಾ, ತೆಕ್ಕೊಡು" ಅಂತ ದಿನಕ್ಕೆ ಎಷ್ಟು ಸಲ ಕೂಗುತ್ತಾಳೆ ಅಂತ ಒಂದು ಭಾನುವಾರ ಎಣಿಸಿದೆ. ಮಧ್ಯಾಹ್ನಕ್ಕೇ 19 ಆಯಿತು. ಸಾಕಾಗಿ, ಬಾಗಿಲಲ್ಲಿ ಮಂಡಿಯೂರಿ ಕೂತು ರೂಮು ನೋಡಿದೆ. ಬೀರುವಿನ ಬಾಗಿಲು, ಮಂಚದ ಅಂಚು, ಅಷ್ಟೇ ಕಂಡಿದ್ದು. ರೂಮು ಅವಳದ್ದು, ಸಾಮಾನೆಲ್ಲ ನಮ್ಮ ಎತ್ತರಕ್ಕೆ!

ಸಾಮಾನನ್ನು ಮಕ್ಕಳ ಎತ್ತರಕ್ಕೆ ಇಡುವುದೇನು ನಾನು ಕಂಡುಹಿಡಿದಿದ್ದಲ್ಲ. 1907ರಲ್ಲಿ ರೋಮ್‌ನಲ್ಲಿ ಇಟಲಿಯ ವೈದ್ಯೆ, ಶಿಕ್ಷಣ ತಜ್ಞೆ ಮಾರಿಯಾ ಮಾಂಟೆಸ್ಸರಿ ‘ಮಕ್ಕಳ ಮನೆ’ ಅನ್ನುವ ತಮ್ಮ ಮೊದಲ ಪುಟಾಣಿ ಶಾಲೆ ತೆರೆದರು. ಮಕ್ಕಳೇ ಎತ್ತಿ ಸರಿಸುವಂಥ ಹಗುರ ಮೇಜು, ಕುರ್ಚಿ ಮಾಡಿಸಿದರು. ಈಗ ಅವರ ಹೆಸರು ಹೇಳಿ ಮಾರುವ ಕಪಾಟಿನ ಬೆಲೆ ನೋಡಿದರೆ ತಲೆ ತಿರುಗುತ್ತದೆ. ನಾನು ಹಳೇ ಚಪ್ಪಲಿ ಸ್ಟ್ಯಾಂಡನ್ನೇ ತಿಕ್ಕಿ ತೊಳೆದು ಬಣ್ಣ ಹೊಡೆದೆ. ಮೊದಲ ದಿನವೇ ಪುಟ್ಟಿ ಅದನ್ನು ಏಣಿ ಮಾಡಿಕೊಂಡಳು, ಸ್ಟ್ಯಾಂಡು ಮಗುಚಿತು. ಪುಣ್ಯಕ್ಕೆ ಕೆಳಗೆ ಹಾಸಿಗೆ ಇತ್ತು. ತಪ್ಪು ನನ್ನದೇ. ಸಂಜೆಯೇ ಕಾರ್ಪೆಂಟರ್ ಕರೆಸಿ ಗೋಡೆಗೆ ಕ್ಲ್ಯಾಂಪು ಹಾಕಿಸಿದೆ. ನೀವು ಮಾಡುವುದಾದರೆ ಇದನ್ನು ಮೊದಲು ಮಾಡಿ.

ಆಟದ ಸಾಮಾನು ಎರಡು ಚೀಲ ಇತ್ತು. ಈಗ ಹೊರಗಿರುವುದು ಎಂಟೇ. ಉಳಿದದ್ದು ಅಟ್ಟದ ಮೇಲೆ, 15 ದಿನಕ್ಕೊಮ್ಮೆ ಬದಲಿಸುತ್ತೇನೆ. ಮೊನ್ನೆ ಚನ್ನಪಟ್ಟಣದ ಬುಗುರಿ ಕೆಳಗಿಳಿದಾಗ ಹೊಸದು ತಂದೆ ಅಂದುಕೊಂಡಳು. ನಾನೂ ಸುಮ್ನಿದ್ದೆ.

ಇಲ್ಲಿ ಅವಳೇ ಬಟ್ಟೆ ಹಾಕಿಕೊಳ್ಳುತ್ತಿದ್ದಾಳೆ. ವಿಡಿಯೋ ಫಾಸ್ಟ್ ಮಾಡಿದ್ದೇನೆ, ನಿಜಕ್ಕೂ 11 ನಿಮಿಷ ಹಿಡಿಯಿತು. ನಾಲಿಗೆ ಕಚ್ಚಿಕೊಂಡು ಮೇಲಿನ ಗುಂಡಿಯನ್ನು ಎರಡನೇ ಕಾಜಕ್ಕೆ ತೂರಿಸಿದಳು. ಕೆಳಗೆ ಒಂದು ಗುಂಡಿ ಮಿಕ್ಕಿತು. ಅದನ್ನೇ ನೋಡುತ್ತಾ ನಿಂತಳು. ಹೊರಗೆ ಶಾಲೆ ವ್ಯಾನಿನ ಹಾರನ್ನು. ನನ್ನ ಕೈ ಎರಡು ಸಲ ಮುಂದೆ ಹೋಯಿತು, ಹಿಂದೆ ಎಳೆದುಕೊಂಡೆ. ಈಗ ಅರ್ಧ ಗಂಟೆ ಬೇಗ ಎಬ್ಬಿಸುತ್ತೇನೆ, ಬೇರೆ ದಾರಿ ಇಲ್ಲ.

"ಇಷ್ಟು ಸಣ್ಣ ಮಗು ಕೈಲಿ ಯಾಕಮ್ಮ ಮಾಡಿಸ್ತೀಯ" ಅಂತ ಅತ್ತೆಗೆ ಬೇಜಾರು. ಅವರ ಭುಜ ನೋವು, ಕೈ ಮೇಲೆತ್ತಲು ಆಗುವುದಿಲ್ಲ. ನಿನ್ನೆ ನೋಡುತ್ತೇನೆ, ಎರಡನೇ ಗೂಟದಲ್ಲಿ ಅತ್ತೆಯ ಶಾಲು! "ಅಜ್ಜಿ, ಅದು ನನ್ ಬ್ಯಾಗಿಂದು" ಅಂತ ಪುಟ್ಟಿಯ ಜಗಳ. ನಾಳೆ ಇನ್ನೊಂದು ಗೂಟ ಹೊಡೆಸಬೇಕು.