ಆದೇಶ ಹೊರಡುವ ಮುಂಚೆ

ವೇದಿಕೆಯ ಮೇಲಿರುವ ಹಿರಿಯರೇ, ಹಳ್ಳಿಗಳಿಂದ ಬಂದಿರುವ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಪುನರ್ವಸತಿ ಕಾರ್ಯಕರ್ತ ಮಿತ್ರರೇ,

ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ ಬಂತೆಂದರೆ ಶಾಲು, ಹಾರ, ಗಾಲಿಕುರ್ಚಿ ವಿತರಣೆ. ಆಗಲಿ, ಬೇಡ ಅನ್ನುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 34, ಅದೇ ಸರ್ಕಾರಿ ನೌಕರಿಯ ಶೇ. 4 ಮೀಸಲಾತಿ, ನಿಮಗೆಲ್ಲ ಬಾಯಿಪಾಠ. ಸೆಕ್ಷನ್ 48 ಯಾರ ಬಾಯಲ್ಲೂ ಬರುವುದಿಲ್ಲ. ವಿಕಲಚೇತನರನ್ನು ಒಳಗೊಳ್ಳುವ ಎಲ್ಲ ಸಾಮಾನ್ಯ ಯೋಜನೆಗಳ ಸಾಮಾಜಿಕ ಪರಿಶೋಧನೆ ಮಾಡಿ, ಅವರಿಗೆ ಪ್ರತಿಕೂಲ ಪರಿಣಾಮ ಆಗದಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ ಅದು. ‘ಸಾಮಾನ್ಯ’ ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ. ನಮ್ಮ ಇಲಾಖೆಯ ಯೋಜನೆಗಳಷ್ಟೇ ಅಲ್ಲ. ರೇಷನ್ನು, ಬಸ್ಸು, ಮನೆ ಎಲ್ಲವೂ.

ಗೃಹಲಕ್ಷ್ಮಿಯನ್ನೇ ತೆಗೆದುಕೊಳ್ಳಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರೆಂದು ಹೇಳುವುದು ರೇಷನ್ ಕಾರ್ಡು. ಮದುವೆಯಾಗದೆ ಅಣ್ಣನ ಮನೆಯಲ್ಲಿ ಇರುವ ಅಂಧ ಹೆಂಗಸು ಆ ಕಾರ್ಡಿನ ಎಷ್ಟನೇ ಸಾಲು? ಮೇಲಿನ ಸಾಲು ಅತ್ತಿಗೆಯದು, ಇಲ್ಲವೇ ತಾಯಿಯದು. ಇವಳನ್ನು ಬಿಡಿ ಎಂದು ಯಾರೂ ಬರೆದಿಲ್ಲ, ಆದರೂ ಇವಳು ಹೊರಗೆ. ಶಕ್ತಿ ಯೋಜನೆಯದೂ ಅಷ್ಟೇ. ಟಿಕೆಟ್ ಸೊನ್ನೆಯಾಯಿತು, ಮೆಟ್ಟಿಲು ಇಳಿಯಿತೇ? ನಗರ ಬಸ್ಸಿನ ಕೇಂದ್ರ ಮಾನದಂಡದಲ್ಲಿ ನೆಲದ ಎತ್ತರ 400, 650, 900 ಮಿ.ಮೀ. ಎಂದು ಮೂರು ಬಗೆ. ಫುಟ್‌ಪಾತಿನಿಂದ ಗಾಲಿಕುರ್ಚಿ ಸಲೀಸಾಗಿ ಹತ್ತುವುದು 400ರದಕ್ಕೆ, ಅದೂ ಮಡಚುವ ರ‍್ಯಾಂಪ್ ಇದ್ದರೆ.

ರ‍್ಯಾಂಪ್ ಅಂದೆನಲ್ಲ, ಒಂದು ಮಾತು. ಲೆಕ್ಕ 1:12. ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಇಳಿಜಾರು ಬೇಕು. ಜಾಗ ಇಲ್ಲವೆಂದು ಆರಡಿಗೆ ಮುಗಿಸಿದರೆ ಅದು ಸಿಬ್ಬಂದಿಯ ಬೈಕು ಹತ್ತಿಸಲು ಬಹಳ ಅನುಕೂಲ! ವರದಿಯಲ್ಲಿ ಮಾತ್ರ ‘ರ‍್ಯಾಂಪ್: ಇದೆ’.

ಪರಿಶೋಧನೆ ಅಂದಕೂಡಲೇ ವರ್ಷ ಮುಗಿಯಲಿ ಅನ್ನುತ್ತಾರೆ. ಬಟ್ಟೆ ಕತ್ತರಿಸಿದ ಮೇಲೆ ಅಳತೆ ತೆಗೆಯುವುದುಂಟೇ? ಆದೇಶ ಹೊರಡುವ ಮುಂಚೆಯೇ ಆಗಬೇಕು.

ಬ್ರಿಟನ್ನಿನಲ್ಲಿ ಏನಾಯಿತು ಕೇಳಿ. ತೀವ್ರ ಅಂಗವೈಕಲ್ಯ ಇರುವವರು ಸಹಾಯಕರನ್ನು ಇಟ್ಟುಕೊಂಡು ತಮ್ಮ ಮನೆಯಲ್ಲೇ ಬದುಕಲೆಂದು 1988ರಲ್ಲಿ ಒಂದು ನಿಧಿ ಶುರುವಾಗಿತ್ತು. ಇಂಡಿಪೆಂಡೆಂಟ್ ಲಿವಿಂಗ್ ಫಂಡ್. ಅದನ್ನು ಮುಚ್ಚಲು ಸರ್ಕಾರ 2012ರಲ್ಲಿ ತೀರ್ಮಾನಿಸಿತು. ಐವರು ಫಲಾನುಭವಿಗಳು ಕೋರ್ಟಿಗೆ ಹೋದರು. 2013ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು. ಕಾರಣ ನೋಡಿ: ಜನ ತೋಡಿಕೊಂಡ ಆತಂಕದ ಬಿಸಿ ಸಚಿವರ ಮುಂದಿಟ್ಟ ಟಿಪ್ಪಣಿಯಲ್ಲಿ ಇರಲಿಲ್ಲ. ಅಧಿಕಾರಿಗಳು ಆರಿಸಿ ಬಡಿಸಿದ್ದರು. ನೀವು ಚಪ್ಪಾಳೆ ತಟ್ಟುವ ಮುಂಚೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನಾಲ್ಕೇ ತಿಂಗಳಲ್ಲಿ, ಈ ಸಲ ಕಾಗದಪತ್ರ ಸರಿಮಾಡಿಕೊಂಡು, ಸರ್ಕಾರ ಅದೇ ತೀರ್ಮಾನ ತೆಗೆದುಕೊಂಡಿತು. 2015ರ ಜೂನ್ 30ಕ್ಕೆ ನಿಧಿ ಮುಚ್ಚಿತು. ಪರಿಣಾಮ ಅರಿತು ತೀರ್ಮಾನಿಸಿ ಎಂದು ಅಲ್ಲಿನ ಕಾನೂನು ಕೇಳುತ್ತದೆ, ಇಂಥದ್ದೇ ತೀರ್ಮಾನಿಸಿ ಎಂದು ಕೇಳುವುದಿಲ್ಲ. ಪರಿಣಾಮದ ಮೌಲ್ಯಮಾಪನಕ್ಕಿರುವ ಮಿತಿ ಅದು. ನಮ್ಮ ಸೆಕ್ಷನ್ 48 ಪ್ರತಿಕೂಲ ಪರಿಣಾಮ ಆಗಬಾರದು ಅನ್ನುವವರೆಗೆ ಹೋಗುತ್ತದೆ, ಬಳಸುವವರು ಬೇಕಷ್ಟೆ.

ಈ ಪರಿಶೋಧನೆ ಮಾಡುವುದು ಹೇಗೆ? ಯೋಜನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ: ಸುದ್ದಿ ತಲುಪುವುದು, ಅರ್ಜಿ, ದಾಖಲೆ, ಓಡಾಟ, ಕೈಗೆ ದಕ್ಕುವುದು, ದೂರು. ಪ್ರತಿ ಮೆಟ್ಟಿಲಲ್ಲೂ ಅಂಧರು, ಕಿವುಡರು, ಗಾಲಿಕುರ್ಚಿಯವರು, ಬೌದ್ಧಿಕ ಅಂಗವೈಕಲ್ಯ ಇರುವವರು ಎಲ್ಲಿ ನಿಂತುಬಿಡುತ್ತಾರೆ ಎಂದು ಬರೆಯಿರಿ. ಕುಷ್ಠರೋಗದಿಂದ ಬೆರಳು ಸವೆದವರು ಹೆಬ್ಬೆಟ್ಟಿನ ಯಂತ್ರದ ಮುಂದೆ ನಿಲ್ಲುತ್ತಾರೆ. ಆಸಿಡ್ ದಾಳಿಗೆ ತುತ್ತಾದವರಿಗೆ ಕೆವೈಸಿ ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತಿತ್ತು. ಇವರಿಗೆ ಬೇರೆ ದಾರಿ ಕೊಡಿ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಚೀಟಿ ಬಂತು, ಬೇಗ ಮುಗಿಸುತ್ತೇನೆ. ವಿಕಲಚೇತನರನ್ನು ಎಣಿಸುವಾಗ ‘ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ, ಇದೆಯಾ’ ಎಂದಷ್ಟೇ ಕೇಳಬೇಡಿ. ಕಾರ್ಡಿಲ್ಲದವರು ಲೆಕ್ಕದಿಂದಲೇ ಜಾರುತ್ತಾರೆ. ಅಂಗವೈಕಲ್ಯದ ಅಂಕಿಅಂಶಕ್ಕೆಂದೇ ಇರುವ ಅಂತರರಾಷ್ಟ್ರೀಯ ತಂಡ ವಾಷಿಂಗ್ಟನ್ ಗ್ರೂಪಿನ ಆರು ಪ್ರಶ್ನೆ ಬಳಸಿ: ನೋಡುವುದು, ಕೇಳುವುದು, ನಡೆಯುವುದು, ನೆನಪು, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಮಾತು-ಸಂವಹನ. ಒಂದರಲ್ಲಾದರೂ ‘ತುಂಬಾ ಕಷ್ಟ’ ಅಂದರೆ ಎಣಿಕೆಗೆ ಸೇರಿಸಿ. ಹೆಂಗಸರ ಲೆಕ್ಕ ಬೇರೆ ಇರಲಿ. ಸಮಾಲೋಚನೆಗೆ ಸಂಜ್ಞಾ ಭಾಷೆಯವರನ್ನು ಕರೆಸಿ. ಬಜೆಟ್ ವಿಷಯ ಇನ್ನೊಮ್ಮೆ.

ಇನ್ನು ಪ್ರಶ್ನೆಗಳು. ಈ ವೇದಿಕೆಗೆ ನಾಲ್ಕು ಮೆಟ್ಟಿಲಿವೆ, ದಯವಿಟ್ಟು ಮೈಕನ್ನೇ ಕೆಳಗೆ ಕೊಡಿ.